ಬಾಡಿಗೆಯ ಚಿತ್ರಶಾಲೆಯೂ ನಮ್ಮದಾದ ಭಂಡಾರವೂ

ಒಮ್ಮೆ ನೋಡಿ ಮೆಚ್ಚಿದ ಚಲನಚಿತ್ರವನ್ನು ಹತ್ತಾರು ವರ್ಷಗಳ ತರುವಾಯ ಮತ್ತೊಮ್ಮೆ ನೋಡಬೇಕೆಂಬ, ತಾನು ಕಂಡು ಆನಂದಪಟ್ಟುದನ್ನು ತನ್ನ ಮಕ್ಕಳಿಗೂ ತೋರಿಸಬೇಕೆಂಬ ಅಪೇಕ್ಷೆ ಮನುಷ್ಯನಿಗೆ ಸಹಜವಾದುದು. ಕಾವ್ಯಾಸಕ್ತನು ಕಪಾಟಿಗೆ ಕೈಚಾಚಿ ಈ ಅಪೇಕ್ಷೆಯನ್ನು ಪೂರೈಸಿಕೊಳ್ಳುತ್ತಾನೆ. ಸಂಗೀತಪ್ರಿಯನು ತಾನು ಕೂಡಿಟ್ಟ ಧ್ವನಿಮುದ್ರಿಕೆಗಳಲ್ಲೊಂದನ್ನು ತೆಗೆದು ಹಾಕಿಕೊಳ್ಳುತ್ತಾನೆ. ಚಿತ್ರರಸಿಕನಾದರೋ, ತಿಂಗಳು ತಿಂಗಳೂ ಮೂರು ನಾಲ್ಕು ಓಟಿಟಿ ಸಂಸ್ಥೆಗಳಿಗೆ ತಪ್ಪದೆ ಚಂದಾ ತೆರುತ್ತಿದ್ದರೂ, ತಾನು ಬಯಸಿದ ಚಿತ್ರ ಈ ರಾತ್ರಿ ತನಗೆ ದೊರಕುವುದೆಂದು ಧೈರ್ಯವಾಗಿ ಹೇಳಲಾರನು. ಒಂದರಲ್ಲಿ ಹೋದ ವರ್ಷ ಇದ್ದುದು ಈ ವರ್ಷ ಇಲ್ಲ. ಇನ್ನೊಂದರಲ್ಲಿ ಇದೆ, ಆದರೆ ಚಂದಾದಾರನೂ ಅದಕ್ಕೆ ಬೇರೆ ಬಾಡಿಗೆ ಕೊಡಬೇಕು. ಮತ್ತೊಂದರಲ್ಲಿ ಹಿಂದಿಗೆ ಡಬ್ ಆದ ರೂಪವಿದೆ, ಮೂಲ ಕನ್ನಡವೇ ಇಲ್ಲ. ಈ ಮಾಧ್ಯಮದ ಬಗ್ಗೆ ಜನರಲ್ಲಿ ದಿನೇ ದಿನೇ ಹೆಚ್ಚುತ್ತಿರುವ ಅಸಮಾಧಾನವನ್ನು ಕೇವಲ ಹಣಕ್ಕೆ ಸಂಬಂಧಿಸಿದುದೆಂದು ಬಗೆಯುವುದು ವಿಹಿತವಲ್ಲ. ಹಣದ ಮಾತು ಇಲ್ಲದಿಲ್ಲ. ಆದರೆ ಅದರ ಕೆಳಗೆ ಇನ್ನೂ ಆಳವಾದ ಒಂದು ನಷ್ಟ ಅಡಗಿದೆ, ಮತ್ತು ಆ ನಷ್ಟದಲ್ಲಿ ಕನ್ನಡಿಗರ ಪಾಲು ಇತರರಿಗಿಂತ ತುಸು ಹೆಚ್ಚೇ ಎಂದು ನನಗೆ ತೋರುತ್ತದೆ.

ನೆಟ್‌ಫ್ಲಿಕ್ಸ್ ಸಂಸ್ಥೆ 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದಾಗ ಅದು ಚಿತ್ರಗಳ ಡಿವಿಡಿಗಳನ್ನು ಅಂಚೆಯ ಮೂಲಕ ಮನೆಮನೆಗೆ ಕಳುಹಿಸುವ ಒಂದು ಸಂಚಾರಿ ಭಂಡಾರವಾಗಿದ್ದಿತು. 2007ರಲ್ಲಿ ಅಂತರ್ಜಾಲದ ಮೂಲಕ ನೇರವಾಗಿ ಚಿತ್ರ ತೋರಿಸಲು ತೊಡಗಿ, ಕ್ರಮೇಣ ಆ ಹಳೆಯ ವ್ಯವಹಾರವನ್ನು ಕುಗ್ಗಿಸುತ್ತ ಬಂದು, 2023ರ ಸೆಪ್ಟೆಂಬರಿನಲ್ಲಿ ಕಡೆಯ ಡಿವಿಡಿಗಳನ್ನು ಅಂಚೆಗೆ ಹಾಕಿ ಆ ಬಾಗಿಲನ್ನು ಮುಚ್ಚಿತು. ಭಾರತಕ್ಕೆ ಅದು ಕಾಲಿಟ್ಟದ್ದು 2016ರ ಜನವರಿಯಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆಜಾನ್ ಸಂಸ್ಥೆಯ ಪ್ರೈಮ್ ವಿಡಿಯೋ ಬಂದಿತು. ಜಾಹೀರಾತುಗಳ ಕಾಟವಿಲ್ಲ, ಬೇಕೆಂದಾಗ ನೋಡಬಹುದು, ಒಂದು ಚಂದಾ ಕೊಟ್ಟರೆ ಸಕಲವೂ ಒಂದೇ ಕಡೆ ದೊರೆಯುತ್ತದೆ ಎಂಬ ಮೂರು ಆಶ್ವಾಸನೆಗಳನ್ನು ನಂಬಿ, ಕೇಬಲ್ಲಿನ ಅವ್ಯವಸ್ಥೆಯಿಂದ ರೋಸಿದ್ದ ನಗರವಾಸಿಗಳು ಈ ಹೊಸ ವ್ಯವಸ್ಥೆಯನ್ನು ಸಂತೋಷದಿಂದಲೇ ಬರಮಾಡಿಕೊಂಡರು. 2020ರ ಮಹಾಮಾರಿಯ ಕಾಲದಲ್ಲಿ, ಚಿತ್ರಮಂದಿರಗಳೆಲ್ಲ ಬೀಗ ಹಾಕಿಕೊಂಡಿದ್ದಾಗ, ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆ ನಿರ್ಮಿಸಿದ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ಜುಲೈ ತಿಂಗಳಲ್ಲಿ ಒಂದರ ಹಿಂದೊಂದು ನೇರವಾಗಿ ಮನೆಯ ಪರದೆಗೆ ಬಂದಾಗ, ಇನ್ನು ಮೇಲೆ ಕನ್ನಡ ಚಿತ್ರಕ್ಕೆ ಜಗತ್ತೇ ಚಿತ್ರಮಂದಿರವಾಯಿತೆಂದು ನಮ್ಮಲ್ಲಿ ಅನೇಕರು ನಂಬಿದರು. ಆ ನಂಬಿಕೆಗೆ ಆಗ ಕಾರಣವಿದ್ದಿತು.

ಆ ಆಶ್ವಾಸನೆಗಳು ಒಂದೊಂದಾಗಿ ಸಡಿಲಗೊಂಡ ಬಗೆಯನ್ನು ಇಲ್ಲಿ ಕೊಂಚ ವಿಸ್ತರಿಸಿ ಹೇಳಬೇಕು. ಬೆಲೆಯ ವಿಷಯದಲ್ಲಿ ಭಾರತೀಯನಿಗೆ ಅನ್ಯಾಯವಾಗಿದೆಯೆಂದು ನಾನು ಹೇಳಲಾರೆ. 2021ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ತನ್ನ ಮೊಬೈಲ್ ಯೋಜನೆಯ ದರವನ್ನು 199 ರೂಪಾಯಿಗಳಿಂದ 149ಕ್ಕೂ, ಮೂಲ ಯೋಜನೆಯದನ್ನು 499ರಿಂದ 199ಕ್ಕೂ ಇಳಿಸಿದ್ದುಂಟು. ಆದರೆ 2023ರಲ್ಲಿ ಒಂದು ಮನೆಯ ಪಾಸ್‌ವರ್ಡನ್ನು ಇನ್ನೊಂದು ಮನೆಯವರು ಬಳಸಕೂಡದೆಂಬ ನಿರ್ಬಂಧ ಬಂದಾಗ, ಓದಿಗೋ ಉದ್ಯೋಗಕ್ಕೋ ಬೇರೆ ಊರಿಗೆ ಹೋದ ಮಗ ತಾಯ್ತಂದೆಯರ ಮನೆಯವನೇ ಅಲ್ಲವೇ ಎಂಬ ಪ್ರಶ್ನೆಯನ್ನು ಯಂತ್ರದ ಮುಂದೆ ವಾದಿಸಬೇಕಾಗಿ ಬಂದಿತು. 2025ರ ಜೂನ್ 17ರಿಂದ ಪ್ರೈಮ್ ವಿಡಿಯೋದಲ್ಲಿ ಹಣ ಕೊಟ್ಟ ಭಾರತೀಯ ಚಂದಾದಾರರಿಗೂ ಜಾಹೀರಾತುಗಳು ಕಾಣತೊಡಗಿದವು. ಅವು ಬೇಡವೆಂದರೆ ವರ್ಷಕ್ಕೆ ಇನ್ನೂ 699 ರೂಪಾಯಿ ತೆರಬೇಕು. ಎಚ್‌ಬಿಓ ಸಂಸ್ಥೆಯ ಪ್ರಸಿದ್ಧ ಸರಣಿಗಳ ಪ್ರಯಾಣವಂತೂ ಈ ಮಾಧ್ಯಮದ ಸ್ವಭಾವಕ್ಕೆ ಒಳ್ಳೆಯ ನಿದರ್ಶನ. ಅವುಗಳನ್ನು ನೋಡಲೆಂದೇ ಹಾಟ್‌ಸ್ಟಾರ್‌ಗೆ ವರ್ಷದ ಚಂದಾ ಕಟ್ಟಿದ್ದವರು 2023ರ ಮಾರ್ಚ್ 31ಕ್ಕೆ ಅವು ಅಲ್ಲಿಂದ ಹೊರಟುಹೋಗುವುದನ್ನು ನೋಡುತ್ತ ನಿಂತರು. ಮೇ ತಿಂಗಳಲ್ಲಿ ಅವು ಜಿಯೋಸಿನಿಮಾದಲ್ಲಿ ಕಾಣಿಸಿಕೊಂಡವು. 2025ರ ಫೆಬ್ರವರಿಯಲ್ಲಿ ಆ ಎರಡು ವೇದಿಕೆಗಳೇ ಒಂದಾಗಿ ಜಿಯೋಹಾಟ್‌ಸ್ಟಾರ್ ಆದಾಗ, ಬಿಟ್ಟುಹೋದ ಸೂರಿನಡಿಗೇ ಅವು ಬೇರೊಂದು ಹೆಸರಿನಲ್ಲಿ ಮರಳಿದವು. ಈ ಎಲ್ಲ ಸಂಚಾರದಲ್ಲಿ ಚಂದಾದಾರನನ್ನು ಕೇಳಿದವರಿಲ್ಲ. ಐಪಿಎಲ್ ಪಂದ್ಯಗಳ ಕತೆಯೂ ಇಂತಹುದೇ. 2023ರಿಂದ 2027ರವರೆಗಿನ ಐದು ವರ್ಷಗಳ ಡಿಜಿಟಲ್ ಹಕ್ಕಿಗೆ 23,758 ಕೋಟಿ ರೂಪಾಯಿಗಳನ್ನು ಸುರಿದ, ಜಿಯೋಸಿನಿಮಾದ ಒಡೆಯ ಸಂಸ್ಥೆ, ಮೊದಲು ಕನ್ನಡವೂ ಸೇರಿದಂತೆ ಹನ್ನೆರಡು ಭಾಷೆಗಳ ವಿವರಣೆಯೊಂದಿಗೆ ಎಲ್ಲರಿಗೂ ಉಚಿತವಾಗಿ ತೋರಿಸಿ, ಜನರಿಗೆ ಅಭ್ಯಾಸವಾದ ಮೇಲೆ, ವಿಲೀನದ ತರುವಾಯ, ಚಂದಾದ ಗೋಡೆಯನ್ನೆಬ್ಬಿಸಿತು.

ಕನ್ನಡದ ಸ್ವಂತ ಕೃತಿಗಳ ಪಾಡು ಇದಕ್ಕಿಂತ ಕರುಣಾಜನಕ. ಡ್ಯಾನಿಶ್ ಸೇಠ್ ಅಭಿನಯದ ‘ಹಂಬಲ್ ಪೊಲಿಟಿಷಿಯನ್ ನೊಗ್ರಾಜ್’ ಸರಣಿ 2022ರ ಜನವರಿಯಲ್ಲಿ ವೂಟ್ ಎಂಬ ವೇದಿಕೆಯಲ್ಲಿ ಬಂದಿತು. 2023ರಲ್ಲಿ ವೂಟ್ ಜಿಯೋಸಿನಿಮಾದಲ್ಲಿ ಲೀನವಾಯಿತು. 2025ರಲ್ಲಿ ಜಿಯೋಸಿನಿಮಾ ಎಂಬ ಹೆಸರೂ ಅಳಿಯಿತು. ಸುಮಾರು ಮೂರು ವರ್ಷಗಳಲ್ಲಿ ಪ್ರಕಾಶಕನ ಹೆಸರು ಎರಡು ಬಾರಿ ಬದಲಾಗುವ ಪುಸ್ತಕೋದ್ಯಮವನ್ನು ನಾವು ಕಂಡಿಲ್ಲ. ಒಂದುವೇಳೆ ಅಂತಹುದಿದ್ದರೂ, ಆ ಮೊದಲೇ ಕೊಂಡ ಪುಸ್ತಕ ಓದುಗನ ಮನೆಯಲ್ಲಿಯೇ ಉಳಿಯುತ್ತಿತ್ತು. ಇನ್ನು ರಕ್ಷಿತ್ ಶೆಟ್ಟಿಯವರು ನಿರ್ಮಿಸಿದ ‘ಏಕಂ’. ಕರಾವಳಿಯ ಬದುಕನ್ನು ಏಳು ಕತೆಗಳಲ್ಲಿ ಚಿತ್ರಿಸುವ ಈ ಸರಣಿ 2021ರಲ್ಲಿಯೇ ಸಿದ್ಧವಾಗಿದ್ದರೂ ಯಾವ ವೇದಿಕೆಯೂ ಅದನ್ನು ಸ್ವೀಕರಿಸಲಿಲ್ಲವೆಂದು ನಿರ್ಮಾಪಕರೇ ಬಹಿರಂಗವಾಗಿ ಹೇಳಿದರು. ಕಡೆಗೆ 2024ರ ಜುಲೈ 13ರಂದು ಅವರು ಸ್ವಂತ ಜಾಲತಾಣವೊಂದನ್ನು ತೆರೆದು, 149 ರೂಪಾಯಿಗಳಿಗೆ ಅದನ್ನು ನೇರವಾಗಿ ಪ್ರೇಕ್ಷಕರ ಕೈಗಿತ್ತರು. ಹೆಸರೂ ಹಣವೂ ಉಳ್ಳ ನಟರೊಬ್ಬರಿಗೆ ಇದು ಸಾಧ್ಯವಾಯಿತು. ಚೊಚ್ಚಲ ಚಿತ್ರವನ್ನು ಸಾಲ ಮಾಡಿ ತೆಗೆದ ಹಾಸನದ ಅಥವಾ ರಾಯಚೂರಿನ ತರುಣನೊಬ್ಬನಿಗೆ ಇಂತಹ ಸಾಹಸ ಎಲ್ಲಿಂದ ಸಾಧ್ಯವಾದೀತು?

ಇದು ಕನ್ನಡದಂತಹ, ವ್ಯಾಪಾರದ ಗಣಿತದಲ್ಲಿ ಸಣ್ಣದೆನಿಸಿಕೊಂಡ ಭಾಷೆಗಳ ಕಷ್ಟ ಮಾತ್ರವೆಂದು ತಿಳಿಯಬೇಕಾಗಿಲ್ಲ. ‘ಕ್ರೇಟರ್’ ಎಂಬ ಮಕ್ಕಳ ಚಿತ್ರವನ್ನು ಡಿಸ್ನಿ ಸಂಸ್ಥೆ 2023ರ ಮೇ 12ರಂದು ತನ್ನ ವೇದಿಕೆಯಲ್ಲಿ ಬಿಡುಗಡೆ ಮಾಡಿ, ಜೂನ್ 30ರಂದು, ಅಂದರೆ ಏಳೇ ವಾರಗಳಲ್ಲಿ, ಅಲ್ಲಿಂದ ತೆಗೆದುಹಾಕಿತು. ನೂರಾರು ಕಲಾವಿದರೂ ಕುಶಲಕರ್ಮಿಗಳೂ ವರ್ಷಗಟ್ಟಲೆ ದುಡಿದು ಮಾಡಿದ ಕೃತಿಯದು. 2009ರ ಜುಲೈನಲ್ಲಿ ಅಮೆಜಾನ್ ಸಂಸ್ಥೆ ಜಾರ್ಜ್ ಆರ್ವೆಲ್ಲನ ಎರಡು ಕಾದಂಬರಿಗಳನ್ನು, ಅವು ಅನಧಿಕೃತ ಪ್ರತಿಗಳೆಂಬ ಕಾರಣದಿಂದ, ಓದುಗರು ಹಣ ಕೊಟ್ಟು ಕೊಂಡಿದ್ದ ಕಿಂಡಲ್ ಯಂತ್ರಗಳೊಳಗಿಂದಲೇ ಅಳಿಸಿ, ತರುವಾಯ ಕ್ಷಮೆ ಕೋರಿದ್ದನ್ನು ಬಲ್ಲವರಿಗೆ ಈ ರೋಗ ಹೊಸದಲ್ಲವೆಂಬುದು ಗೊತ್ತು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಇದಕ್ಕೊಂದು ಶಾಸನವೇ ಬಂದಿದೆ: ಹಿಂದೆಗೆದುಕೊಳ್ಳಬಹುದಾದ ಅನುಮತಿಯನ್ನಷ್ಟೇ ಕೊಡುವ ಡಿಜಿಟಲ್ ವ್ಯಾಪಾರಿ, ಅದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸದೆ, ತಾನು ಸರಕನ್ನು ಮಾರುತ್ತಿರುವೆನೆಂದು ಹೇಳಿಕೊಳ್ಳುವಂತಿಲ್ಲವೆಂಬ ನಿಯಮ 2025ರ ಜನವರಿ 1ರಿಂದ ಅಲ್ಲಿ ಜಾರಿಯಲ್ಲಿದೆ.

ಚಂದಾವನ್ನು ನಿಲ್ಲಿಸಹೊರಟವರ ಕಷ್ಟವನ್ನೂ ಸರ್ಕಾರಗಳು ಗಮನಿಸದೆ ಇಲ್ಲ. ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ಮುನ್ನ ಇಪ್ಪತ್ನಾಲ್ಕು ಗಂಟೆಗಳ ಮುಂಚೆ ಗ್ರಾಹಕನಿಗೆ ಸೂಚನೆ ಹೋಗಬೇಕೆಂಬ ರಿಸರ್ವ್ ಬ್ಯಾಂಕಿನ ಕಟ್ಟಳೆ 2021ರ ಅಕ್ಟೋಬರಿನಿಂದ ನಡೆದುಬಂದಿದೆ. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ನಿಷೇಧಿಸಿದಾಗ, ಸೇರುವುದಕ್ಕೆ ಸುಲಭವಾಗಿಯೂ ಬಿಡುವುದಕ್ಕೆ ದುಸ್ಸಾಧ್ಯವಾಗಿಯೂ ಇರುವ ಚಂದಾಜಾಲವೂ ಆ ಪಟ್ಟಿಯಲ್ಲಿ ಸೇರಿತು. ಅಮೆರಿಕದಲ್ಲಿ ಇದೇ ಬಗೆಯ ಆಪಾದನೆಯ ಮೇಲೆ ಅಮೆಜಾನ್ ಸಂಸ್ಥೆ 2025ರ ಸೆಪ್ಟೆಂಬರಿನಲ್ಲಿ 250 ಕೋಟಿ ಡಾಲರುಗಳ ರಾಜಿಗೆ ಒಪ್ಪಿಕೊಂಡಿತು.

ಹೀಗಿರಲು ಜನರು ತಮ್ಮ ತಮ್ಮ ದಾರಿಗಳನ್ನು ಹುಡುಕಿಕೊಂಡಿದ್ದಾರೆ. ಕೆಲವರು ಒಂದು ತಿಂಗಳು ಒಂದು ವೇದಿಕೆಗೆ ಹಣ ಕಟ್ಟಿ, ಬೇಕಾದುದನ್ನು ನೋಡಿ ಮುಗಿಸಿ, ಅದನ್ನು ಬಿಟ್ಟು ಮರುತಿಂಗಳು ಇನ್ನೊಂದಕ್ಕೆ ಹೋಗುತ್ತಾರೆ. ಕೆಲವರು ಮೊಬೈಲ್ ರೀಚಾರ್ಜಿನೊಂದಿಗೆ ಏನು ಬಂದಿತೋ ಅಷ್ಟರಲ್ಲಿಯೇ ತೃಪ್ತರು. ಹಳ್ಳಿಗಳಲ್ಲಿ ಡಿಡಿ ಫ್ರೀ ಡಿಶ್ ಇದೆ. 2004ರ ಡಿಸೆಂಬರಿನಲ್ಲಿ ಬೇರೆ ಹೆಸರಿನಿಂದ ಆರಂಭವಾದ ಪ್ರಸಾರಭಾರತಿಯ ಈ ಸೇವೆಗೆ ತಿಂಗಳ ಬಾಡಿಗೆಯೆಂಬುದೇ ಇಲ್ಲ, ದೇಶದ ನಾಲ್ಕು ಕೋಟಿಗೂ ಮಿಗಿಲಾದ ಮನೆಗಳಲ್ಲಿ ಅದರ ತಟ್ಟೆ ಆಕಾಶವನ್ನು ನೋಡುತ್ತಿದೆ. ಹಳೆಯ ಕನ್ನಡ ಚಿತ್ರಗಳನ್ನು ಬಯಸುವವರಿಗೆ ಯೂಟ್ಯೂಬೇ ಇಂದು ದೊಡ್ಡ ಆಶ್ರಯ. ರಾಜ್‌ಕುಮಾರರ, ಕಲ್ಪನಾರ, ವಿಷ್ಣುವರ್ಧನರ ಎಷ್ಟೋ ಚಿತ್ರಗಳು ಅಲ್ಲಿ ಉಚಿತವಾಗಿ ದೊರೆಯುತ್ತವೆಯೆಂಬುದು ನಿಜ, ಆ ಉಪಕಾರವನ್ನು ಮರೆಯಬಾರದು. ಆದರೆ ಸವೆದ ಪ್ರತಿಯಿಂದ ಮಾಡಿದ ಮಸುಕು ನಕಲು, ಅಂಚು ಕತ್ತರಿಸಿದ ಚೌಕಟ್ಟು, ನಾಯಕಿಯ ಮುಖದ ಮಗ್ಗುಲಲ್ಲಿಯೇ ಕಂಪನಿಯ ಮುದ್ರೆ, ಹಾಡಿನ ನಡುವೆ ಹರಿದು ಬರುವ ಜಾಹೀರಾತು, ಇವುಗಳ ನಡುವೆ ಛಾಯಾಗ್ರಾಹಕನ ಶ್ರಮ ಕಾಣದೆ ಹೋಗುತ್ತದೆ. ಇಂತಹ ರೂಪದಲ್ಲಿ ಮಾತ್ರ ನಮ್ಮ ಚಿತ್ರಗಳನ್ನು ಕಂಡ ಹದಿಹರೆಯದವರು, ಕನ್ನಡದ ಹಳೆಯ ಚಿತ್ರವೆಂದರೆ ಹೀಗೆಯೇ ಎಂದು ತಿಳಿದರೆ ಅದು ಅವರ ತಪ್ಪಲ್ಲ.

ಕದ್ದು ನೋಡುವ ದಾರಿಯೊಂದಿದೆ. ಅದನ್ನು ನಾನು ಸಮರ್ಥಿಸಲಾರೆ. ಟೆಲಿಗ್ರಾಮಿನಲ್ಲಿ ಬಿಡುಗಡೆಯ ದಿನವೇ ಹರಿದಾಡುವ ಪ್ರತಿಯಿಂದ ದೊಡ್ಡ ನಾಯಕನಿಗಿಂತ ಸಣ್ಣ ನಿರ್ಮಾಪಕನೇ ಹೆಚ್ಚು ನೋಯುತ್ತಾನೆ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯಿದೆ ಇದಕ್ಕೆ ಮೂರು ತಿಂಗಳಿಂದ ಮೂರು ವರ್ಷಗಳವರೆಗಿನ ಸೆರೆವಾಸವನ್ನೂ, ಕನಿಷ್ಠ ಮೂರು ಲಕ್ಷ ರೂಪಾಯಿಗಳ ದಂಡವನ್ನೂ ವಿಧಿಸಿದೆ. ಆದರೂ ಒಂದು ಮಾತನ್ನು ಹೇಳಬೇಕಾಗಿದೆ. ಹಣ ಕೊಡಲು ಸಿದ್ಧನಿರುವವನಿಗೆ ನ್ಯಾಯವಾದ ಮಾರ್ಗದಲ್ಲಿ ದೊರೆಯದ ಚಿತ್ರ ಅನ್ಯಾಯದ ಮಾರ್ಗದಲ್ಲಿ ಕ್ಷಣಮಾತ್ರದಲ್ಲಿ ದೊರೆಯುವುದಾದರೆ, ಆ ಅವಸ್ಥೆಗೆ ಕಾರಣರಾದವರಲ್ಲಿ ಕಳ್ಳನೊಬ್ಬನನ್ನೇ ಎಣಿಸಿ ಸುಮ್ಮನಾಗುವುದು ಪೂರ್ಣ ನ್ಯಾಯವಲ್ಲ.

ಇನ್ನು ಕೆಲವರು ಮತ್ತೆ ಡಿಸ್ಕುಗಳತ್ತ ತಿರುಗಿದ್ದಾರೆ. ಮೋಸರ್ ಬೇರ್ ಎಂಬ ಭಾರತೀಯ ಸಂಸ್ಥೆ 2007ರ ಸುಮಾರಿಗೆ ನಮ್ಮ ಭಾಷೆಗಳ ಚಿತ್ರಗಳ ವಿಸಿಡಿಯನ್ನು 28 ರೂಪಾಯಿಗಳಿಗೂ ಡಿವಿಡಿಯನ್ನು 34 ರೂಪಾಯಿಗಳಿಗೂ ಮಾರುಕಟ್ಟೆಗೆ ತಂದಾಗ, ಕಳ್ಳಪ್ರತಿಯ ಬೆಲೆಗೇ ಸಾಚಾ ಪ್ರತಿ ಸಿಕ್ಕುವಂತಾಗಿತ್ತು. ಆ ಸಂಸ್ಥೆ ಮುಳುಗಿಹೋಗಿದ್ದರೂ ಆಗ ಕೊಂಡ ಡಿಸ್ಕುಗಳು ಇನ್ನೂ ಎಷ್ಟೋ ಮನೆಗಳ ಅಟ್ಟದ ಮೇಲಿವೆ. ಬೆಂಗಳೂರಿನ ತಂತ್ರಜ್ಞರಲ್ಲಿ ಕೆಲವರು ತಾವು ಕೊಂಡ ಡಿಸ್ಕುಗಳನ್ನು ಮನೆಯ ಗಣಕಯಂತ್ರಕ್ಕೆ ಇಳಿಸಿಕೊಂಡು, ಜೆಲ್ಲಿಫಿನ್‌ನಂತಹ ಮುಕ್ತ ತಂತ್ರಾಂಶದ ಮೂಲಕ ತಮ್ಮದೇ ಆದ ಕಿರುಚಿತ್ರಶಾಲೆಯನ್ನು ಮಾಡಿಕೊಂಡಿರುವುದುಂಟು. ಶ್ರದ್ಧಾವಂತರ ಮಾರ್ಗವದು, ಎಲ್ಲರಿಂದಲೂ ಆಗುವಂತಹುದಲ್ಲ.

ಈ ಎಲ್ಲ ಉಪಾಯಗಳನ್ನು ಪರಿಶೀಲಿಸುವಾಗ ನನ್ನ ಮನಸ್ಸು ಮರಳಿ ಮರಳಿ ಹೋಗುವುದು ಸಾಗರ ತಾಲ್ಲೂಕಿನ ಹೆಗ್ಗೋಡಿಗೆ. ಅಡಕೆ ತೋಟಗಳ ನಡುವಣ ಆ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ರಂಗಸಂಸ್ಥೆ, 1973ರಲ್ಲಿ ಒಂದು ಚಿತ್ರಸಮಾಜವನ್ನೂ ಕಟ್ಟಿತು. ಅದರ ಸ್ಥಾಪಕರಲ್ಲೊಬ್ಬರಾದ ಕೆ. ವಿ. ಸುಬ್ಬಣ್ಣನವರ ದೃಢವಾದ ನಂಬಿಕೆಯೆಂದರೆ, ಜಗತ್ತಿನ ಶ್ರೇಷ್ಠವಾದುದು ಹಳ್ಳಿಯವನಿಗೆ ಅರ್ಥವಾಗದೆಂದು ಅವನ ಪರವಾಗಿ ನಗರದವರು ತೀರ್ಮಾನಿಸಕೂಡದು ಎಂಬುದು. ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರದಿಂದ ಹದಿನಾರು ಮಿಲಿಮೀಟರಿನ ಸುರುಳಿಗಳು ರೈಲೇರಿ ಬಸ್ಸೇರಿ ಮಲೆನಾಡಿಗೆ ಬಂದವು. ಭಂಡಾರದ ಸ್ಥಾಪಕ ಪಾಲಕರಾದ ಪಿ. ಕೆ. ನಾಯರ್ ಅವರೂ, ಚಿತ್ರರಸಗ್ರಹಣದ ಆಚಾರ್ಯರೆನಿಸಿದ ಸತೀಶ್ ಬಹಾದೂರರೂ ಅಲ್ಲಿಗೆ ಬಂದು, ರೈತರಿಗೂ ಗೃಹಿಣಿಯರಿಗೂ ಶಾಲಾಮಾಸ್ತರರಿಗೂ ‘ಪಥೇರ್ ಪಾಂಚಾಲಿ’ಯನ್ನು, ‘ಬೈಸಿಕಲ್ ಥೀವ್ಸ್’ ಚಿತ್ರವನ್ನು, ಕುರೊಸಾವನ ‘ರಾಶೋಮನ್’ ಅನ್ನು ತೋರಿಸಿ ಅವುಗಳನ್ನು ಕುರಿತು ಮಾತಾಡಿಸಿದರು. ನಾಯರ್ ಅವರನ್ನು ಕುರಿತು 2012ರಲ್ಲಿ ಬಂದ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಜನ ದಶಕಗಳ ಹಿಂದೆ ಕಂಡ ಆ ಚಿತ್ರಗಳನ್ನು ಸ್ಮರಿಸಿಕೊಂಡು ಮಾತಾಡುವ ಭಾಗವಿದೆ. ಅದನ್ನು ನೋಡಿದವರು ಮರೆಯಲಾರರು. ಇಟಲಿಯ ಒಬ್ಬ ನಿರುದ್ಯೋಗಿ ಕಳೆದುಕೊಂಡ ಸೈಕಲ್ಲಿಗಾಗಿ ಹೆಗ್ಗೋಡಿನ ಕೃಷಿಕನೊಬ್ಬ ನೊಂದುಕೊಳ್ಳಬಲ್ಲನಾದರೆ, ಅದಕ್ಕೆ ಮೂಲ ಕಾರಣ ಪುಣೆಯಲ್ಲಿ ಆ ಚಿತ್ರದ ಒಂದು ಪ್ರತಿಯನ್ನು ಯಾರೋ ಜತನದಿಂದ ಕಾಪಿಟ್ಟಿದ್ದುದು, ಹಾಗೂ ಅದನ್ನು ತರಿಸಿ ತೋರಿಸುವ ಹಕ್ಕು ಸಾರ್ವಜನಿಕವಾಗಿದ್ದುದು.

ಬೆಂಗಳೂರಿನಲ್ಲಿ ಇದೇ ಕಾರ್ಯವನ್ನು 1971ರಲ್ಲಿ ಸ್ಥಾಪಿತವಾದ ಸುಚಿತ್ರಾ ಫಿಲ್ಮ್ ಸೊಸೈಟಿ ಮಾಡುತ್ತ ಬಂದಿದೆ. ಬನಶಂಕರಿಯ ಅದರ ಭವನದಲ್ಲಿ ಕುಳಿತು ಜರ್ಮನಿಯ, ಇರಾನಿನ, ಪೋಲೆಂಡಿನ ಚಿತ್ರಗಳನ್ನು ನೋಡಿ ಬೆಳೆದ ತಲೆಮಾರೊಂದು ಕನ್ನಡದ ಹೊಸ ಅಲೆಯ ಚಿತ್ರಗಳಿಗೆ ಪ್ರೇಕ್ಷಕರಾಗಿ ದೊರಕಿತು. ಚಿತ್ರವನ್ನು ನೋಡಿದ ಮೇಲೆ ಹೊರಗೆ ನಿಂತು ಜಗಳವಾಡುವಷ್ಟು ಮಾತಾಡುವ ಆ ಸಂಪ್ರದಾಯ ಒಂದು ವಿದ್ಯಾಭ್ಯಾಸವೇ ಸರಿ. ಮುಂದಿನ ಕಂತನ್ನು ತಾನಾಗಿಯೇ ಶುರುಮಾಡುವ ಯಂತ್ರ ಅದನ್ನು ಕೊಡಲಾರದು.

ಆದುದರಿಂದ ಕೇಳಬೇಕಾದ ಪ್ರಶ್ನೆ ಯಾವ ಚಂದಾ ಅಗ್ಗ ಎಂಬುದಕ್ಕಿಂತ, ಚಿತ್ರಗಳಿಗೆ ಗ್ರಂಥಾಲಯವೆಲ್ಲಿ ಎಂಬುದೆಂದು ನನಗೆ ತೋರುತ್ತದೆ. ಪುಸ್ತಕಗಳ ವಿಷಯದಲ್ಲಿ ಕರ್ನಾಟಕ ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರಾದ ಎಸ್. ಆರ್. ರಂಗನಾಥನ್ ಅವರು ತಮ್ಮ ಬಾಳಿನ ಕಡೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ನಮ್ಮ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದದ್ದು 1965ರಲ್ಲಿ. ಅದರ ಬಲದಿಂದ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನು ಮನೆಯುಳ್ಳ ಪ್ರತಿಯೊಬ್ಬ ನಗರವಾಸಿಯೂ ಇಂದಿಗೂ ತೆರುತ್ತಿದ್ದಾನೆ. ಅದೂ ಒಂದು ಚಂದಾವೇ; ಆದರೆ ಆ ಹಣದಿಂದ ಕೊಂಡ ಪುಸ್ತಕ ಸಾರ್ವಜನಿಕರದ್ದಾಗಿ ಉಳಿಯುತ್ತದೆ, ಪ್ರಕಾಶಕನು ಇದ್ದರೂ ಅಳಿದರೂ ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕಪಾಟಿನಿಂದ ಅದನ್ನು ಯಾರೂ ರಾತ್ರೋರಾತ್ರಿ ಹಿಂದೆಗೆದುಕೊಳ್ಳಲಾರರು. ಅಮೆರಿಕದಲ್ಲಿರುವ ನಮ್ಮ ಕನ್ನಡಿಗರಲ್ಲಿ ಅನೇಕರು ತಮ್ಮ ಊರಿನ ಗ್ರಂಥಾಲಯದ ಕಾರ್ಡಿನಿಂದಲೇ ಕನೋಪಿ ಎಂಬ ಸೇವೆಯ ಮೂಲಕ ಜಗತ್ತಿನ ಉತ್ತಮ ಚಿತ್ರಗಳನ್ನು ಉಚಿತವಾಗಿ ನೋಡುತ್ತಾರೆ. ಶ್ಲಾಘ್ಯವಾದ ವ್ಯವಸ್ಥೆ. ಆದರೂ ಅಲ್ಲಿ ಗ್ರಂಥಾಲಯವೇ ಬಾಡಿಗೆದಾರ. ನೋಟಗಳ ಸಂಖ್ಯೆ ಏರಿದಂತೆ ಅದರ ಖರ್ಚೂ ಏರಿ, 2019ರಲ್ಲಿ ನ್ಯೂಯಾರ್ಕ್ ನಗರದ ಸಾರ್ವಜನಿಕ ಗ್ರಂಥಾಲಯಗಳು ಆ ಸೇವೆಯನ್ನೇ ಕೈಬಿಡಬೇಕಾಯಿತು. ಅದೇ ದೇಶದ ಸಿಯಾಟಲ್ ನಗರದಲ್ಲಿ 1988ರಲ್ಲಿ ತೆರೆದ ಸ್ಕೇರ್‌ಕ್ರೋ ವಿಡಿಯೋ ಎಂಬ ಅಂಗಡಿ, 2014ರಿಂದ ಲಾಭರಹಿತ ಸಂಸ್ಥೆಯಾಗಿ, ಒಂದು ಲಕ್ಷಕ್ಕೂ ಬಹಳ ಮಿಗಿಲಾದ ಚಿತ್ರಗಳ ಪ್ರತಿಗಳನ್ನು ಕೂಡಿಟ್ಟುಕೊಂಡು ಎರವಲು ಕೊಡುತ್ತಿದೆ. ಪ್ರತಿ ತನ್ನದಾಗಿರುವವರೆಗೆ ಅದರ ಕಪಾಟನ್ನು ಹೊರಗಿನವರಾರೂ ಬರಿದು ಮಾಡಲಾರರು.

ನೆರೆಯ ಕೇರಳ 2024ರ ಮಾರ್ಚ್ 7ರಂದು ಸಿ ಸ್ಪೇಸ್ ಎಂಬ ಸರ್ಕಾರಿ ವೇದಿಕೆಯನ್ನು ತೆರೆಯಿತು. ಅಲ್ಲಿ ತಿಂಗಳ ಚಂದಾ ಇಲ್ಲ. ಒಂದು ಚಿತ್ರಕ್ಕೆ 75 ರೂಪಾಯಿ, ಅದರಲ್ಲಿ ಅರ್ಧ ನಿರ್ಮಾಪಕನಿಗೆ. ಸರಿಯಾಗಿ ಒಂದು ವರ್ಷದ ನಂತರ, 2025ರ ಮಾರ್ಚ್ 7ರಂದು, ಕರ್ನಾಟಕದ ಮುಂಗಡಪತ್ರದಲ್ಲಿಯೂ ಕನ್ನಡ ಚಿತ್ರಗಳಿಗಾಗಿ ಒಂದು ಓಟಿಟಿ ವೇದಿಕೆಯ ಘೋಷಣೆಯಾಯಿತು. ಅದೇ ಮುಂಗಡಪತ್ರದಲ್ಲಿ ನಾಡಿನ ಸಾಮಾಜಿಕ, ಐತಿಹಾಸಿಕ, ಸಾಂಸ್ಕೃತಿಕ ಮೌಲ್ಯಗಳನ್ನು ಬಿಂಬಿಸುವ ಚಿತ್ರಗಳ ಭಂಡಾರಕ್ಕೆಂದು 3 ಕೋಟಿ ರೂಪಾಯಿಗಳ ಮಾತೂ, ಮೈಸೂರಿನ ಚಿತ್ರನಗರಿಗೆ 500 ಕೋಟಿಗಳ ಮಾತೂ ಬಂದಿವೆ. ಈ ಮೂರರಲ್ಲಿ ಜನ ಹೆಚ್ಚಾಗಿ ಚರ್ಚಿಸಿದ್ದು ಚಿತ್ರನಗರಿಯನ್ನು, ಆಮೇಲೆ ಓಟಿಟಿಯನ್ನು. ಅತ್ಯಂತ ಅವಶ್ಯವಾದುದು ಆ ಮೂರು ಕೋಟಿಯ ಭಂಡಾರವೆಂದು ನಾನು ದೃಢವಾಗಿ ನಂಬುತ್ತೇನೆ. ಕಾಪಿಟ್ಟ ಪ್ರತಿಯೇ ಇಲ್ಲದಿದ್ದರೆ ಸರ್ಕಾರದ ವೇದಿಕೆಯೂ ಯಾರದೋ ಪರವಾನಗಿಯ ಅವಧಿಗೆ ಕಟ್ಟುಬಿದ್ದ ಇನ್ನೊಂದು ಆ್ಯಪ್ ಆದೀತು.

1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಉಳಿದಿದ್ದುದರಿಂದಲೇ, ಅದು ಪುನರುಜ್ಜೀವಿತವಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನ ಕಂಡಿತು. 1954ರ ಶಾಸನದಂತೆ ಈ ದೇಶದಲ್ಲಿ ಅಚ್ಚಾದ ಪ್ರತಿಯೊಂದು ಪುಸ್ತಕದ ಪ್ರತಿಯೂ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲಬೇಕು. ಚಲನಚಿತ್ರಗಳಿಗೆ ಅಂತಹ ಕಡ್ಡಾಯ ನಿಯಮವಿಲ್ಲ. ಆದರೆ ಕರ್ನಾಟಕ ಸರ್ಕಾರ ಪ್ರತಿವರ್ಷವೂ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುತ್ತಿರುವುದರಿಂದ, ಆ ಹಣ ಪಡೆದ ಪ್ರತಿಯೊಂದು ಚಿತ್ರದ ಉತ್ತಮವಾದ ಒಂದು ಪ್ರತಿಯನ್ನು ಭಂಡಾರಕ್ಕೆ ಒಪ್ಪಿಸಬೇಕೆಂದೂ, ಗೊತ್ತಾದ ಕೆಲವು ವರ್ಷಗಳ ವ್ಯಾಪಾರಾವಧಿ ಕಳೆದ ಮೇಲೆ ಯಾವ ಜಿಲ್ಲೆಯ ಗ್ರಂಥಾಲಯದಲ್ಲಿಯಾದರೂ ಅದನ್ನು ತೋರಿಸುವ ಹಕ್ಕು ಜನರಿಗಿರಬೇಕೆಂದೂ ವಿಧಿಸಲು ಹೊಸ ಶಾಸನದ ಅಗತ್ಯವಿಲ್ಲ. ಸಹಾಯಧನದ ನಿಯಮಗಳಿಗೆ ಎರಡು ಸಾಲು ಸೇರಿಸಿದರೆ ಸಾಕು. ಹಳೆಯ ಚಿತ್ರಗಳ ಕೆಲಸ ಇನ್ನೂ ತುರ್ತಿನದು. ನಮ್ಮ ಚಿತ್ರಗಳಲ್ಲಿ ಬಹುಪಾಲು ಸಂಸ್ಕರಣಗೊಂಡದ್ದು ಮದರಾಸಿನ ಪ್ರಯೋಗಶಾಲೆಗಳಲ್ಲಿ. ಫಿಲ್ಮಿನ ಕಾಲ ಮುಗಿದು ಅವು ಒಂದೊಂದಾಗಿ ಬಾಗಿಲು ಹಾಕಿದವು. ಯಾವ ಚಿತ್ರದ ನೆಗೆಟಿವ್ ಯಾರ ಮನೆಯ ಡಬ್ಬದಲ್ಲಿ ಯಾವ ಸ್ಥಿತಿಯಲ್ಲಿದೆಯೆಂಬುದನ್ನು ಹೇಳಬಲ್ಲ ನಿರ್ಮಾಪಕರೂ ಛಾಯಾಗ್ರಾಹಕರೂ ಎಂಬತ್ತು ದಾಟುತ್ತಿದ್ದಾರೆ. ಮೂರು ಕೋಟಿಯ ಮೊದಲ ಕಂತು ಕಟ್ಟಡಕ್ಕಾಗಲಿ ಆ್ಯಪ್ಪಿಗಾಗಲಿ ಹೋಗದೆ, ಅವರ ಮನೆಗಳಿಗೆ ಹೋಗಿ ಆ ಪಟ್ಟಿಯನ್ನು ಬರೆದುಕೊಂಡು ಬರುವ ಕೆಲಸಕ್ಕೆ, ಈ ವರ್ಷವೇ, ವ್ಯಯವಾಗಬೇಕು.